ಲಾಕ್‌ಡೌನ್, ಪಿಎಚ್‌ಡಿ, ಮನಸ್ಸು: ಬಳ್ಳಾರಿ, ರಾಯಚೂರು, ಕೊಪ್ಪಳದ ಸಂಶೋಧನಾ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಹಾಸ್ಟೆಲ್ ಮೆಸ್ಸಿನಲ್ಲಿ, ಲೈಬ್ರರಿ ಮುಂದಿನ ಕಟ್ಟೆಯ ಮೇಲೆ, ರಾತ್ರಿ ಹನ್ನೊಂದರ ನಂತರ ವಾಟ್ಸ್ಆ್ಯಪ್‌ನಲ್ಲಿ ಬಂದವು. ಕೇಳಿದವರಲ್ಲಿ ಹೆಚ್ಚಿನವರು 2020ರ ಆಸುಪಾಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ಲಾಕ್‌ಡೌನ್ ಮುಗಿದು ವರ್ಷಗಳಾದವು. ಆದರೆ ಇವರಲ್ಲಿ ಕೆಲವರ ಥೀಸಿಸ್ ಇನ್ನೂ ಮುಗಿದಿಲ್ಲ, ನಿದ್ದೆಯೂ ಸರಿ ಹೋಗಿಲ್ಲ. ನಾನು ಡಾಕ್ಟರ್ ಅಲ್ಲ. ಇದೇ ಭಾಗದಲ್ಲಿ ಅದೇ ಕಾಲದಲ್ಲಿ ಪಿಎಚ್‌ಡಿ ಮಾಡಿದವಳು. ಗೊತ್ತಿರುವಷ್ಟನ್ನು ಬರೆದಿದ್ದೇನೆ.

ಎಲ್ಲರಿಗೂ ಕಷ್ಟ ಇತ್ತು. ಗುಳೆ ಹೋದವರು ಬೆಂಗಳೂರಿಂದ ನಡೆದುಕೊಂಡು ಬಂದರು. ಮನೆಯಲ್ಲಿ ಕೂತು ಓದುವುದೂ ಒಂದು ಕಷ್ಟವಾ?

ಈ ಪ್ರಶ್ನೆ ಹೊರಗಿನವರು ಕೇಳುವುದಕ್ಕಿಂತ ಪಿಎಚ್‌ಡಿ ಮಾಡುವವರೇ ತಮ್ಮನ್ನು ಕೇಳಿಕೊಳ್ಳುವುದು ಜಾಸ್ತಿ. ನಮ್ಮಲ್ಲಿ ಎಷ್ಟೋ ಜನ ಅದೇ ಗುಳೆ ಹೋದ ಮನೆಗಳಿಂದ ಬಂದವರು, ಹಾಗಾಗಿ ಹೇಳಿಕೊಳ್ಳಲು ನಾಚಿಕೆ. ಕಷ್ಟಗಳನ್ನು ತಕ್ಕಡಿಗೆ ಹಾಕುವುದು ಬಿಟ್ಟು, ಏನಾಯಿತು ಅಂತ ನೋಡೋಣ.

ಪಿಎಚ್‌ಡಿ ಕೆಲಸವೇ ಒಂಟಿ ಕೆಲಸ. ಕೋರ್ಸ್‌ವರ್ಕ್ ಮುಗಿದ ಮೇಲೆ ಕ್ಲಾಸಿಲ್ಲ, ಟೈಮ್‌ಟೇಬಲ್ ಇಲ್ಲ. ಒಬ್ಬರೇ ಗೈಡ್, ಒಂದೇ ವಿಷಯ. ಕೊರೊನಾ ಬರುವ ಮೊದಲೇ ಇದರ ಪರಿಣಾಮವನ್ನು ಅಳೆದ ಅಧ್ಯಯನಗಳಿವೆ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 3,659 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕೇಳಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಮೂವರಲ್ಲಿ ಒಬ್ಬರು ಮಾನಸಿಕ ಕಾಯಿಲೆಯ ಅಪಾಯದಲ್ಲಿದ್ದರು. ಅದರ ಮೇಲೆ ಲಾಕ್‌ಡೌನ್ ಬಂತು. ಅಮೆರಿಕದ ಒಂಬತ್ತು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ 2020ರ ಮೇ-ಜುಲೈನಲ್ಲಿ ಸಮೀಕ್ಷೆ ಮಾಡಿದಾಗ, ಪದವಿಯ ನಂತರದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 32 ಮಂದಿಗೆ ಖಿನ್ನತೆಯ ಲಕ್ಷಣ, 39 ಮಂದಿಗೆ ಆತಂಕದ ಲಕ್ಷಣ ಕಂಡಿತ್ತು. ಖಿನ್ನತೆಯ ಪ್ರಮಾಣ ಹಿಂದಿನ ವರ್ಷದ ಎರಡರಷ್ಟಿತ್ತು. ಇವೆಲ್ಲ ಪ್ರಶ್ನಾವಳಿಯಿಂದ ಬಂದ ಅಂಕಿ, ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ್ದಲ್ಲ. ದೇಶವೂ ಬೇರೆ. ಆದರೂ ನಿಮಗಾದದ್ದು ನಿಮ್ಮೊಬ್ಬರಿಗೇ ಆದದ್ದಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಆ ಎರಡು ವರ್ಷದಲ್ಲಿ ಒಂದು ಚಾಪ್ಟರ್ ಕೂಡ ಬರೆಯಲಿಲ್ಲ. ನಾನು ಸೋಮಾರಿನಾ?

ಮೊದಲು ಆ ಎರಡು ವರ್ಷವನ್ನು ದಿನಾಂಕ ಹಾಕಿ ನೆನಪಿಸಿಕೊಳ್ಳಿ. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ. 25ರಿಂದ 21 ದಿನದ ಲಾಕ್‌ಡೌನ್. ಅದು ಏಪ್ರಿಲ್ 14ಕ್ಕೆ ಮುಗಿಯಬೇಕಿತ್ತು, ಮೇ 3ಕ್ಕೆ ಹೋಯಿತು, 17ಕ್ಕೆ ಹೋಯಿತು, 31ಕ್ಕೆ ಹೋಯಿತು. ಪ್ರತಿ ಸಲ "ಇನ್ನೆರಡು ವಾರ" ಅಂದುಕೊಂಡು ಕೂತವರು ಯಾವ ಪ್ಲ್ಯಾನನ್ನೂ ಹಾಕಿಕೊಳ್ಳಲು ಆಗಲಿಲ್ಲ. ಸ್ವಲ್ಪ ಸುಧಾರಿಸಿಕೊಳ್ಳುವಷ್ಟರಲ್ಲಿ 2021ರ ಏಪ್ರಿಲ್ ಕೊನೆಗೆ ರಾಜ್ಯದಲ್ಲಿ ಮತ್ತೆ ಎಲ್ಲ ಬಂದ್.

ಹಾಸ್ಟೆಲ್ ಖಾಲಿ ಮಾಡಿ ಅಂದಾಗ ಹೆಚ್ಚಿನವರು ಎರಡು ಜೊತೆ ಬಟ್ಟೆ, ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದರು. ಪುಸ್ತಕ, ಫೀಲ್ಡ್ ನೋಟ್ಸ್ ರೂಮಿನಲ್ಲೇ ಉಳಿದವು. ಬೇಸಿಗೆ ಭತ್ತದ ಮೇಲೆ ಪ್ರಯೋಗ ಇಟ್ಟವರಿಗೆ ಸರಿಯಾಗಿ ಕೊಯ್ಲಿನ ಹೊತ್ತಿಗೇ ಓಡಾಟ ನಿಂತಿತು. ತುಂಗಭದ್ರಾ ಕಾಲುವೆ ಕೆಳಗೆ ಬೇಸಿಗೆ ಬೆಳೆ ಏಪ್ರಿಲ್-ಮೇನಲ್ಲಿ ಕೈಗೆ ಬರುತ್ತದೆ. ಆ ದಿನಗಳ ಲೆಕ್ಕ ತಪ್ಪಿದರೆ ಒಂದು ವರ್ಷ ಕಾಯಬೇಕು. ಜಾನಪದ ಮಾಡುವವರಿಗೆ ಇನ್ನೊಂದು ಕಷ್ಟ. ಹಾಡು, ಕಥೆ ಗೊತ್ತಿರುವವರೆಲ್ಲ ಅರವತ್ತು ದಾಟಿದವರು. ಅವರ ಮನೆ ಬಾಗಿಲಿಗೆ ಹೋಗುವುದೇ ಅವರ ಜೀವಕ್ಕೆ ಅಪಾಯ ಅನ್ನುವ ಕಾಲ ಅದು.

ಇನ್ನು ಮನೆಯಲ್ಲಿ ಕೂತು ಓದುವ ಸುಖ. ನನ್ನ ಪರಿಚಯದ ಒಬ್ಬ ಹುಡುಗ ಲಿಂಗಸುಗೂರು ತಾಲೂಕಿನವನು. ಎರಡು ಕೋಣೆಯ ಮನೆ, ಏಳು ಜನ. ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಒಂದೇ ಮೂಲೆಯಲ್ಲಿ. ಮೇ ತಿಂಗಳು, 42 ಡಿಗ್ರಿ. ತಲೆ ಮೇಲೆ ಒದ್ದೆ ಟವಲ್ ಹಾಕಿಕೊಂಡು ಆನ್‌ಲೈನ್ ಸೆಮಿನಾರ್‌ಗೆ ಕೂರುತ್ತಿದ್ದ. ಫೋನ್ ಬಿಸಿಯಾಗಿ ಆಫ್ ಆಗುತ್ತಿತ್ತು. ಕೆಳಗಿಳಿದು ಬಂದರೆ ಅವ್ವ "ಅಷ್ಟೊತ್ತು ಯಾರ ಜೋಡಿ ಮಾತಾಡ್ತೀಯೋ" ಅನ್ನುತ್ತಿದ್ದರು. ಅವನನ್ನು ಸೋಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಂಶೋಧನೆಯ ಬರವಣಿಗೆಗೆ ಒಂದೇ ವಿಷಯವನ್ನು ಗಂಟೆಗಟ್ಟಲೆ ತಲೆಯಲ್ಲಿ ಹಿಡಿದಿಡಬೇಕು. ಅಪ್ಪನಿಗೆ ಜ್ವರ ಬಂದಿದೆ, ಬೆಡ್ ಸಿಗುತ್ತೋ ಇಲ್ಲವೋ ಅಂತ ಮನಸ್ಸು ಕಾವಲು ಕಾಯುತ್ತಿರುವಾಗ ಅದು ಆಗುವುದಿಲ್ಲ. ಸೋಮಾರಿಗೆ ಕೆಲಸ ಮಾಡದಿದ್ದರೆ ಆರಾಮ ಅನಿಸುತ್ತದೆ. ನಿಮಗೆ ಆರಾಮ ಅನಿಸಿತ್ತಾ?

"ಇನ್ನ ಎಷ್ಟ್ ವರ್ಷ ಓದ್ತಿಯಪ್ಪ?" ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಏನು ಹೇಳಲಿ?

"ಮುಂದಿನ ವರ್ಷ ಮುಗೀತದ ಕಾಕಾ" ಅನ್ನಿ, ಮುಂದಕ್ಕೆ ನಡೆಯಿರಿ. ಕಟ್ಟೆ ಮೇಲೆ ಕೂತವರಿಗೆ ಸಿನಾಪ್ಸಿಸ್ ವಿವರಿಸುವ ಜವಾಬ್ದಾರಿ ನಿಮ್ಮದಲ್ಲ.

ಮನೆಯವರಿಗೆ ಮಾತ್ರ ಹೇಳಬೇಕು. ಪಿಎಚ್‌ಡಿಯಲ್ಲಿ ಏನೇನು ಹಂತ ಇದೆ, ಈಗ ಎಲ್ಲಿದ್ದೀರಿ, ಯಾರ ಸಹಿ ಬಾಕಿ ಇದೆ ಅಂತ ಒಂದು ಸಲ ಕೂತು ಬಿಡಿಸಿ ಹೇಳಿ. ನಮ್ಮ ತಂದೆ-ತಾಯಿಗೆ ಡಿಗ್ರಿ ಗೊತ್ತು, ಬಿ.ಎಡ್ ಗೊತ್ತು. ಆರು ವರ್ಷ ಒಂದೇ ಪುಸ್ತಕ ಬರೆಯುವುದು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಅವರ ಸಿಟ್ಟಿನಲ್ಲಿ ಅರ್ಧ ಗೊತ್ತಿಲ್ಲದ್ದರಿಂದ ಬಂದದ್ದು.

ಲಾಕ್‌ಡೌನ್‌ನಲ್ಲಿ ಮದುವೆ ಮಾಡಿಬಿಟ್ಟರು. ಅಲ್ಲಿಂದ ಥೀಸಿಸ್ ಮುಟ್ಟಿಲ್ಲ.

ಈ ಪ್ರಶ್ನೆ ಹುಡುಗಿಯರಿಂದ ತುಂಬಾ ಬರುತ್ತದೆ. 50 ಜನರ ಮಿತಿ ಇತ್ತು, ಖರ್ಚು ಕಡಿಮೆ, ಹುಡುಗಿಯೂ ಹಾಸ್ಟೆಲ್ ಬಿಟ್ಟು ಮನೆಯಲ್ಲೇ ಇದ್ದಳು. "ಹೆಂಗೂ ಸುಮ್ನೆ ಕುಂತೀದಿ" ಅಂತ ಮುಗಿಸಿಬಿಟ್ಟರು. ಹದಿನೈದು ದಿನದಲ್ಲಿ ನೋಡಿ, ಒಪ್ಪಿ, ಅಕ್ಕಿಕಾಳು ಹಾಕಿದ ಮದುವೆಗಳು ನನಗೇ ಗೊತ್ತಿವೆ. ಆಮೇಲೆ ಬೇರೆ ಮನೆ, ಅಡುಗೆ, ಮಗು. ಲ್ಯಾಪ್‌ಟಾಪ್ ಅಟ್ಟದ ಮೇಲೆ.

ಇದಕ್ಕೆ ಎರಡು ಕೆಲಸ ಬೇರೆ ಬೇರೆಯಾಗಿ ಆಗಬೇಕು. ಒಂದು ಕಾಗದದ್ದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪಿಎಚ್‌ಡಿಗೆ ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಅದರ ಮೇಲೆ ಎರಡು ವರ್ಷದ ರಿಯಾಯಿತಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಇಡೀ ಪಿಎಚ್‌ಡಿ ಅವಧಿಯಲ್ಲಿ 240 ದಿನದವರೆಗೆ ರಜೆ ಇದೆ. ಇದು 2016ರ ನಿಯಮದಲ್ಲೂ ಇತ್ತು, 2022ರಲ್ಲೂ ಇದೆ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ. ನಿಮ್ಮ ವಿಭಾಗಕ್ಕೆ ಅರ್ಜಿ ಬರೆಯಿರಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ.

ಇನ್ನೊಂದು ಮನಸ್ಸಿನದು. ಹೆರಿಗೆಯಾದ ಮೇಲೆ ವಾರಗಟ್ಟಲೆ ಅಳು ಬರುವುದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿರುವುದು ಬಾಣಂತಿಯರಲ್ಲಿ ಕಾಣುವ ಖಿನ್ನತೆ ಇರಬಹುದು. ಅದನ್ನು "ಓದೋ ಹುಚ್ಚು, ಅದಕ್ಕೇ ಹಿಂಗ" ಅಂತ ತಳ್ಳಿಹಾಕುವವರು ಇದ್ದಾರೆ. ತಳ್ಳಿಹಾಕಬೇಡಿ, ಡಾಕ್ಟರಿಗೆ ತೋರಿಸಿ.

ಫೆಲೋಶಿಪ್ ತಿಂಗಳುಗಟ್ಟಲೆ ಬರಲಿಲ್ಲ. ಆಗಿನಿಂದ ದುಡ್ಡಿನ ಹೆದರಿಕೆ ಹೋಗಿಲ್ಲ.

ಆ ಹೆದರಿಕೆಗೆ ಕಾರಣ ಇತ್ತು. ಆಗ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ತಿಂಗಳಿಗೆ 31,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧಕರದು) 35,000. ಇದು ಸಂಬಳದ ಹಾಗೆ ತಾನಾಗಿ ಬೀಳುವುದಿಲ್ಲ. ವಿದ್ಯಾರ್ಥಿ ಕೆಲಸ ಮಾಡುತ್ತಿದ್ದಾನೆ ಅಂತ ಸಂಸ್ಥೆಯವರು ಪ್ರತಿ ತಿಂಗಳು ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು. ಆಫೀಸಿಗೆ ಬೀಗ ಬಿದ್ದು ಈ ಕೆಲಸ ತಪ್ಪಿದರೆ ಹಣ ನಿಲ್ಲುತ್ತದೆ. ಮನೆಯಲ್ಲಿ ಅಪ್ಪನ ಕೂಲಿಯೂ ನಿಂತಿರುವಾಗ, ದುಡಿಯುವ ಮಗ ಅಂತ ಇದ್ದ ಮರ್ಯಾದೆಯೂ ಅದರ ಜೊತೆ ಹೋಗುತ್ತದೆ.

ಫೆಲೋಶಿಪ್ ಇಲ್ಲದವರ ಪಾಡು ಇನ್ನೂ ಕಷ್ಟ. ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತ ಪಿಎಚ್‌ಡಿ ಮಾಡುವವರು ನಮ್ಮ ಮೂರೂ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಕಾಲೇಜು ನಡೆದರೆ ಗೌರವಧನ, ಇಲ್ಲದಿದ್ದರೆ ಇಲ್ಲ. ನರೇಗಾ ಕೆಲಸಕ್ಕೆ ಹೋದವರಿದ್ದಾರೆ, ತರಕಾರಿ ಮಾರಿದವರಿದ್ದಾರೆ. ಕೆಲವರು ಈಗಲೂ ಅದನ್ನು ತಲೆ ತಗ್ಗಿಸಿ ಹೇಳುತ್ತಾರೆ. ಯಾಕೋ ಗೊತ್ತಿಲ್ಲ.

ಬಾಕಿ ಇದ್ದರೆ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಅಂತ ಪಟ್ಟಿ ಮಾಡಿ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಜೊತೆ ವಿಶ್ವವಿದ್ಯಾಲಯದ ಫೆಲೋಶಿಪ್ ವಿಭಾಗಕ್ಕೆ ಬರೆದು ಕೊಡಿ. ಬಾಯಲ್ಲಿ ಹೇಳಿ ಬಂದರೆ ಪ್ರಯೋಜನವಿಲ್ಲ.

ಅವಧಿ ಮುಗಿಯುತ್ತಾ ಬಂತು. ಲಾಕ್‌ಡೌನ್ ಕಾಲ ಲೆಕ್ಕಕ್ಕೆ ಬರುವುದಿಲ್ಲವೇ?

2020ರ ಏಪ್ರಿಲ್ ಕೊನೆಯ ಮಾರ್ಗಸೂಚಿಯಲ್ಲಿ ಯುಜಿಸಿ ಎಂ.ಫಿಲ್, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಆರು ತಿಂಗಳು ಹೆಚ್ಚಿಗೆ ಕೊಡಬಹುದು, ವೈವಾವನ್ನು (ಕೊನೆಯ ಮೌಖಿಕ ಪರೀಕ್ಷೆ) ವಿಡಿಯೊ ಮೂಲಕ ನಡೆಸಬಹುದು ಅಂತ ಹೇಳಿತು. ಆಮೇಲೆ ಥೀಸಿಸ್ ಸಲ್ಲಿಸುವ ಗಡುವನ್ನು 2021ರ ಜೂನ್ 30ಕ್ಕೆ, ಮತ್ತೆ 2021ರ ಡಿಸೆಂಬರ್ 31ಕ್ಕೆ ಮುಂದೂಡಿತು. ಇದರ ಲಾಭ ಮುಖ್ಯವಾಗಿ ಆಗಲೇ ಮುಗಿಸುವ ಹಂತದಲ್ಲಿದ್ದವರಿಗೆ ಸಿಕ್ಕಿತು. 2019ರಲ್ಲಿ ಸೇರಿದವರ ಫೀಲ್ಡ್ ವರ್ಕ್ ಹಾಳಾದದ್ದು ಈ ಲೆಕ್ಕದಲ್ಲಿ ಕಾಣಲಿಲ್ಲ. ನನಗೆ ಇದು ಇವತ್ತಿಗೂ ಅನ್ಯಾಯ ಅನಿಸುತ್ತದೆ.

ಈಗ ಉಳಿದಿರುವ ದಾರಿ 2022ರ ನಿಯಮದ ಮರುನೋಂದಣಿ. ಆರು ವರ್ಷದ ಮೇಲೆ ಇನ್ನೂ ಎರಡು ವರ್ಷದವರೆಗೆ ಸಿಗಬಹುದು. ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಬ್ಯಾಚಿಗೆ ಯಾವ ನಿಯಮ ಹಚ್ಚುತ್ತದೆ ಅಂತ ಲಿಖಿತವಾಗಿ ಕೇಳಿ. ಎಷ್ಟೋ ಜನರ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಯಾರೋ ಕ್ಯಾಂಟೀನಿನಲ್ಲಿ "ನಿಂದು ಕ್ಯಾನ್ಸಲ್ ಆಗ್ತದ ನೋಡು" ಅಂದ ಮಾತು. ಒಂದು ಅರ್ಜಿ ಕೊಟ್ಟು ಉತ್ತರ ತರಿಸಿಕೊಂಡರೆ ಅರ್ಧ ಆತಂಕ ಇಳಿಯುತ್ತದೆ.

ಗೈಡ್ ಫೋನ್ ತೆಗೆಯುತ್ತಿರಲಿಲ್ಲ. ಈಗ ಅವರ ಮುಂದೆ ಹೋಗಲು ಕೈಕಾಲು ನಡುಗುತ್ತದೆ.

ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ. ಮೊದಲ ಸಲ ಎದುರಿಗೆ ಹೋಗಬೇಡಿ. ನಾಲ್ಕು ಸಾಲಿನ ಇ-ಮೇಲ್ ಹಾಕಿ: ಇಷ್ಟು ಆಗಿದೆ, ಇಷ್ಟು ಬಾಕಿ, ಈ ವಾರ ಇಪ್ಪತ್ತು ನಿಮಿಷ ಸಮಯ ಕೊಡಿ ಸರ್. ಸಬೂಬು ಬೇಡ, ಕ್ಷಮೆಯ ಪುಟಗಟ್ಟಲೆ ಬರಹವೂ ಬೇಡ. ಗೈಡ್‌ಗಳಲ್ಲೂ ಆ ವರ್ಷ ಮನೆಯವರನ್ನು ಕಳೆದುಕೊಂಡವರಿದ್ದಾರೆ. ಅದನ್ನು ಅವರು ನಿಮಗೆ ಹೇಳಿರುವುದಿಲ್ಲ.

ಬೈಗುಳ, ಮನೆಗೆಲಸ, ಸಹಿಗೆ ದುಡ್ಡು ಕೇಳುವುದು, ಹುಡುಗಿಯರ ಜೊತೆ ಕೆಟ್ಟ ನಡವಳಿಕೆ ಇದ್ದರೆ ಅದು ನಿಮ್ಮ ಮನಸ್ಸಿನ ಸಮಸ್ಯೆಯೇ ಅಲ್ಲ. ಅದಕ್ಕೆ ಧ್ಯಾನ ಮದ್ದಲ್ಲ, ದೂರು ಮದ್ದು. ಸಂಶೋಧನಾ ಸಲಹಾ ಸಮಿತಿ, ವಿಭಾಗದ ಮುಖ್ಯಸ್ಥರು, ಆಂತರಿಕ ದೂರು ಸಮಿತಿ ಇರುವುದೇ ಇದಕ್ಕೆ. ಗೈಡ್ ತೀರಿಕೊಂಡಿದ್ದರೆ ಅಥವಾ ನಿವೃತ್ತರಾಗಿದ್ದರೆ ಬದಲಿ ಗೈಡ್ ಕೇಳಿ ಅರ್ಜಿ ಕೊಡಬಹುದು.

ಇದು ಬರೀ ಬೇಜಾರಾ, ಖಿನ್ನತೆಯಾ? ಹೇಗೆ ಗೊತ್ತಾಗುತ್ತದೆ?

ಡಾಕ್ಟರುಗಳು ಮೊದಲು ನೋಡುವುದು ಎಷ್ಟು ದಿನದಿಂದ ಅನ್ನುವುದನ್ನು. ಎರಡು ವಾರ ಅಥವಾ ಜಾಸ್ತಿ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನಿಸುವುದು. ಇವೆರಡರಲ್ಲಿ ಒಂದಾದರೂ ಇರಬೇಕು. ಅದರ ಜೊತೆ ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಹಸಿವು ಬದಲಾಗುವುದು, ಸುಸ್ತು, ಗಮನ ನಿಲ್ಲದಿರುವುದು, ನಾನು ಯಾವುದಕ್ಕೂ ಬಾರದವನು ಅನ್ನುವ ಯೋಚನೆ, ಸಾವಿನ ಯೋಚನೆ.

ಒಂದು ಸಣ್ಣ ಗುರುತು ಹೇಳುತ್ತೇನೆ. ಪೇಪರ್ ರಿಜೆಕ್ಟ್ ಆಗಿ ಬೇಜಾರಾದವರು ಸಂಜೆ ಗೆಳೆಯರ ಜೊತೆ ಮಂಡಕ್ಕಿ-ಮಿರ್ಚಿ ತಿನ್ನುವಾಗ ಒಂದರ್ಧ ಗಂಟೆ ಅದನ್ನು ಮರೆಯುತ್ತಾರೆ. ಖಿನ್ನತೆ ಇರುವವರಿಗೆ ಆ ಮಿರ್ಚಿಯೂ ರುಚಿಸುವುದಿಲ್ಲ, ಅಲ್ಲಿಂದ ಎದ್ದು ಹೋದರೆ ಸಾಕು ಅನಿಸುತ್ತದೆ. ಇದು ಪರೀಕ್ಷೆ ಅಲ್ಲ, ಸುಮ್ನೆ ಗಮನಿಸಲು. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೂ ಇದೇ ರೀತಿ ಸುಸ್ತು, ಮಂಕು ಬರುತ್ತದೆ. ಆದ್ದರಿಂದ ಡಾಕ್ಟರ್ ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ.

ಇದ್ದಕ್ಕಿದ್ದಂತೆ ಎದೆ ಹಿಡಿದ ಹಾಗೆ, ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಪ್ಯಾನಿಕ್ ಇರಬಹುದು. ಕೆಲವೇ ನಿಮಿಷದಲ್ಲಿ ಏರಿ, ತಾನಾಗಿ ಇಳಿಯುತ್ತದೆ. ಆದರೆ ಮೊದಲ ಸಲ ಆದಾಗ ನೀವೇ ತೀರ್ಮಾನ ಮಾಡಬೇಡಿ, ಇಸಿಜಿ ಮಾಡಿಸಿ.

ತೋರಿಸೋದು ಎಲ್ಲಿ? ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ?

ಬೇಡ. ಇದನ್ನು ಬಳ್ಳಾರಿಯವರೇ ಕೇಳಿದಾಗ ನನಗೆ ನಗು ಬರುತ್ತದೆ. ದೇಶದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಅದನ್ನು ಒಂದು ಜಿಲ್ಲೆಯ ಮಟ್ಟದಲ್ಲಿ ನಡೆಸಲು ಆಗುತ್ತದೆಯೇ ಅಂತ ನಿಮ್ಹಾನ್ಸ್‌ನವರು 1985ರಿಂದ ಮಾಡಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವಂತೆ ಮಾಡಿದರು. "ಬಳ್ಳಾರಿ ಮಾದರಿ" ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಗಣಿ, ಜೀನ್ಸ್, ಬಿಸಿಲು ಅಂತ ಊರಿನ ಬಗ್ಗೆ ಹೇಳಿಕೊಳ್ಳುವ ನಾವು ಇದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಈಗ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹೆಸರು ಬದಲಾದರೂ ಆಟೊದವರಿಗೆ ವಿಮ್ಸ್ ಅಂದರೇ ತಿಳಿಯುತ್ತದೆ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ಮನೋವೈದ್ಯಕೀಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಕ್ಲಿನಿಕ್ ಮಂಗಳವಾರ ನಡೆಯುತ್ತದೆ. ಹೊರಡುವ ಮೊದಲು ಒಂದು ಫೋನ್ ಮಾಡಿ ದಿನ ಖಾತ್ರಿ ಮಾಡಿಕೊಳ್ಳಿ. ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಇದು 2022ರ ಅಕ್ಟೋಬರ್ 10ರಂದು ಶುರುವಾಯಿತು. ಲಾಕ್‌ಡೌನ್ ಸಮಯದಲ್ಲಿ ಇರಲಿಲ್ಲ.

ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತಗೋಬೇಕಂತೆ, ಚಟ ಆಗುತ್ತಂತೆ?

ಎರಡು ಬಗೆಯ ಮಾತ್ರೆಗಳನ್ನು ಜನ ಒಂದೇ ಅಂದುಕೊಂಡಿದ್ದಾರೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆ ಚಟ ಹಿಡಿಸುವುದಿಲ್ಲ. ಆದರೆ ಅದು ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಮೊದಲ ವಾರದಲ್ಲೇ "ಏನೂ ಆಗಲಿಲ್ಲ, ಹೊಟ್ಟೆ ತೊಳಸುತ್ತದೆ" ಅಂತ ಬಿಡುವವರು ಜಾಸ್ತಿ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಚಟದ ಅಪಾಯ ಇರುವುದು ಕೆಲವು ನಿದ್ದೆ ಮಾತ್ರೆಗಳಿಗೆ. ಗೆಳೆಯನ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ತರುವುದು ಸಾಮಾನ್ಯವಾಗಿ ಅವನ್ನೇ.

ಯೋಗ, ಧ್ಯಾನ, ಮಠಕ್ಕೆ ಹೋಗಿ ಬರುವುದು ಸಾಲದಾ?

ಬೇಜಾರಿಗೆ ಸಾಕಾಗಬಹುದು. ಕಾಯಿಲೆಗೆ ಅದೊಂದೇ ಸಾಲದು. ಎರಡನ್ನೂ ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ವಿಭಾಗದಲ್ಲಿ ಗೊತ್ತಾಗುತ್ತದಾ? ಮುಂದೆ ನೌಕರಿಗೆ ತೊಂದರೆ ಆಗುತ್ತದಾ?

ಆಸ್ಪತ್ರೆಯವರು ವಿಶ್ವವಿದ್ಯಾಲಯಕ್ಕೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾಹಿತಿ ಗುಟ್ಟಾಗಿರುವುದು ರೋಗಿಯ ಹಕ್ಕು. ಹೊರಗೆ ಹೋಗುವುದು ಸಾಮಾನ್ಯವಾಗಿ ಗೆಳೆಯರ ಬಾಯಿಂದ. ಯಾರಿಗೆ ಹೇಳಬೇಕು ಅಂತ ನೋಡಿಕೊಂಡು ಹೇಳಿ. 371ಜೆ ಕೋಟಾದಲ್ಲಿ (ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ) ನೌಕರಿ ಕಾಯುತ್ತಿರುವವರಿಗೆ ಈ ಹೆದರಿಕೆ ಜಾಸ್ತಿ. ಚಿಕಿತ್ಸೆ ಇಲ್ಲದೆ ಓದಲೂ ಆಗದೆ, ಪರೀಕ್ಷೆಗೇ ಕೂರದವರನ್ನು ನಾನು ನೋಡಿದ್ದೇನೆ.

ರೂಮ್‌ಮೇಟ್ "ಸಾಕಾಯ್ತು, ಇರೋದೇ ಬೇಡ" ಅಂದ. ತಮಾಷೆಗೆ ಅಂದನಾ ಗೊತ್ತಾಗಲಿಲ್ಲ.

ನೇರವಾಗಿ ಕೇಳಿ. "ಸಾಯಬೇಕು ಅಂತ ಅನಿಸುತ್ತಿದೆಯಾ ತಮ್ಮಾ?" ಅಂತಲೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು, ಕೇಳಿದವರ ಹತ್ತಿರ ಜನ ಹಗುರಾಗುತ್ತಾರೆ. ಹೌದು ಅಂದರೆ ಬುದ್ಧಿ ಹೇಳಬೇಡಿ, "ಅಪ್ಪ ಅವ್ವನ ಮುಖ ನೋಡು" ಅನ್ನಬೇಡಿ. ಜೊತೆಗಿರಿ. ಅವನ ಎದುರಿಗೇ 14416ಕ್ಕೆ ಫೋನ್ ಮಾಡಿ, ಮನೆಯಲ್ಲಿ ಅವನು ನಂಬುವ ಒಬ್ಬರಿಗೆ ತಿಳಿಸಿ. ಊರಿಗೆ ಹೋದರೆ ಹತ್ತಿ, ಮೆಣಸಿನಕಾಯಿ ಹೊಲಕ್ಕೆ ತಂದ ಔಷಧಿ ಮನೆಯಲ್ಲೇ ಇರುತ್ತದೆ. ಅದನ್ನು ಬೀಗ ಹಾಕಿಡಲು ಅಥವಾ ಬೇರೆ ಕಡೆ ಸಾಗಿಸಲು ಮನೆಯವರಿಗೆ ಹೇಳಿ. ಕೈಮೀರಿದರೆ 112 ಅಥವಾ 108. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಮೊದಲು ಭಾವಿಸುತ್ತದೆ, ಶಿಕ್ಷೆಯ ಮಾತು ಬರುವುದಿಲ್ಲ.

ಮನೆಯಲ್ಲಿ ಸಾವಾಯಿತು, ಮುಖ ನೋಡಲೂ ಬಿಡಲಿಲ್ಲ. ಅದಾದ ಮೇಲೆ ಓದು ಹತ್ತುತ್ತಿಲ್ಲ.

2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಹಾಕುತ್ತಿದ್ದ ವಿಡಿಯೊ ಎಲ್ಲರ ಫೋನಿಗೂ ಬಂತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಅದನ್ನು ನೋಡಿ, ನಮ್ಮವರಿಗೂ ಹೀಗೇ ಆಯಿತೇನೋ ಅಂದುಕೊಂಡವರು ಬಹಳ. ಮಣ್ಣು ಕೊಡಲಿಲ್ಲ, ಮೂರನೇ ದಿನ ಮಾಡಲಿಲ್ಲ, ಬಂಧುಗಳು ಬರಲಿಲ್ಲ. ಅಳುವುದಕ್ಕೆ ಒಂದು ಜಾಗ, ಒಂದು ದಿನ ಸಿಗಲೇ ಇಲ್ಲ.

ಎಷ್ಟೋ ಮನೆಯವರು ಆಮೇಲೆ ವರ್ಷದ ತಿಥಿಯನ್ನು ಎಲ್ಲರನ್ನೂ ಕರೆದು ಮಾಡಿದರು. ಮಾಡಿಲ್ಲದಿದ್ದರೆ ಈಗಲೂ ಮಾಡಬಹುದು, ತಡ ಅಂತ ಇಲ್ಲ. ಥೀಸಿಸ್‌ನ ಕೃತಜ್ಞತೆಯ ಪುಟವನ್ನು ಅಪ್ಪನ ಹೆಸರಿನಿಂದ ಬರೆಯಲು ಶುರು ಮಾಡಿದವಳೊಬ್ಬಳು, ಆ ಪುಟ ಆದ ಮೇಲೆ ಉಳಿದದ್ದು ಹತ್ತಿತು ಅಂದಳು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ವರ್ಷ ಕಳೆದರೂ ದಿನನಿತ್ಯದ ಕೆಲಸ ಮಾಡಲಾಗದಷ್ಟು ದುಃಖ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ.

ಮತ್ತೆ ಬರೆಯಲು ಶುರು ಮಾಡುವುದು ಹೇಗೆ?

ಚಾಪ್ಟರ್ ಒಂದರಿಂದ ಬೇಡ. ಹಳೇ ಫೈಲ್ ತೆರೆದು, ಫುಟ್‌ನೋಟ್ ಸರಿಪಡಿಸುವುದು, ಟೇಬಲ್‌ಗೆ ನಂಬರ್ ಹಾಕುವುದು, ಇಂಥ ತಲೆ ಓಡಿಸದ ಕೆಲಸದಿಂದ ಶುರು ಮಾಡಿ. ದಿನಕ್ಕೆ ಅರ್ಧ ಗಂಟೆ. ಬೇಸಿಗೆಯಲ್ಲಿ ನಮ್ಮ ಕಡೆ ಬೆಳಿಗ್ಗೆ ಆರರಿಂದ ಒಂಬತ್ತು ಬಿಟ್ಟರೆ ತಲೆ ಓಡುವುದಿಲ್ಲ, ಅದನ್ನು ಒಪ್ಪಿಕೊಂಡು ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ. ಮಲಗುವ ಹೊತ್ತು ತಾನಾಗಿ ಹಿಂದೆ ಸರಿಯುತ್ತದೆ. ಆಗದೇ ಹೋದ ಫೀಲ್ಡ್ ವರ್ಕನ್ನು ಮುಚ್ಚಿಡಬೇಡಿ. ಸಂಶೋಧನೆಯ ಮಿತಿಗಳು ಅನ್ನುವ ಭಾಗದಲ್ಲಿ, ಲಾಕ್‌ಡೌನ್ ಕಾರಣ ಇಂಥ ಊರುಗಳಿಗೆ ಹೋಗಲಾಗಲಿಲ್ಲ, ಬದಲಿಗೆ ಫೋನ್ ಸಂದರ್ಶನ ಮಾಡಿದೆ ಅಂತ ನೇರ ಬರೆಯಿರಿ. ಪರೀಕ್ಷಕರೂ ಅದೇ ಲಾಕ್‌ಡೌನ್‌ನಲ್ಲಿ ಇದ್ದವರೇ ಅಲ್ವಾ.

ಮೊದಲ ಸಲ ಡಾಕ್ಟರ್ ಹತ್ತಿರ ಹೋದರೆ ಏನು ಹೇಳಬೇಕು?

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವಾಗಿನಿಂದ, ನಿದ್ದೆ ಎಷ್ಟು ಗಂಟೆ, ಊಟ ಹೇಗೆ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಮನೆಯಲ್ಲಿ ಮೊದಲು ಯಾರಿಗಾದರೂ ಹೀಗಾಗಿತ್ತಾ. ಕುಡಿಯುತ್ತಿದ್ದರೆ ಅದನ್ನೂ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಿಗ್ಗೆಯೇ ಹೋಗಿ ಓಪಿಡಿ ಚೀಟಿ ಮಾಡಿಸಿ, ಆಧಾರ್ ಜೊತೆಗಿರಲಿ. ಸರದಿ ಉದ್ದ ಇರುತ್ತದೆ, ಡಾಕ್ಟರ್ ಜೊತೆ ಸಿಗುವುದು ಸ್ವಲ್ಪವೇ ಹೊತ್ತು, ಅದಕ್ಕೇ ಚೀಟಿ. "ಪಿಎಚ್‌ಡಿ ಮಾಡ್ತಿದೀನಿ" ಅಂತ ಹೇಳಲು ಮರೆಯಬೇಡಿ. ಹಗಲು ನಿದ್ದೆ ಬರಿಸುವ ಮಾತ್ರೆ ಕೊಡಬೇಕೋ ಬೇಡವೋ ಅಂತ ಅವರು ಅದನ್ನೂ ನೋಡಿ ನಿರ್ಧರಿಸುತ್ತಾರೆ.